ಸತ್ತಿಗೆಯ ನೆರಳು, ಸುಡುಗಾಡಿನ ಕಾವಲು

ಹುಮನಾಬಾದಿಗೂ ಬಸವಕಲ್ಯಾಣಕ್ಕೂ ಸೇರಿದ ಸೀಮೆಯಲ್ಲಿ, ದುಬಲಗುಂಡಿ, ಜಲಸಂಗಿ, ನಾರಾಯಣಪುರಗಳಂತಹ ಊರುಗಳು ಹರಡಿಕೊಂಡಿರುವ ಈ ತೊಗರಿ ಜೋಳಗಳ ನೆಲದಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದ ಶಾಸನವೊಂದನ್ನು ಓದತೊಡಗಿದವನಿಗೆ ಮೊದಲು ಎದುರಾಗುವುದು ಅರಸನ ಬಿರುದುಗಳ ಸಾಲು. ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ, ಸತ್ಯಾಶ್ರಯಕುಲತಿಲಕ, ಚಾಳುಕ್ಯಾಭರಣ ಎಂದು ಆ ಸಾಲು ಹರಿಯುತ್ತದೆ. ಶಾಸನದ ಬರೆಹಗಾರನಿಗೆ ಅದು ಕಂಠಪಾಠದ ಒಕ್ಕಣೆ. ಓದುವವನೂ ಸಾಮಾನ್ಯವಾಗಿ ಅದನ್ನು ದಾಟಿ, ಯಾರಿಗೆ ಯಾವ ಭೂಮಿ ದತ್ತಿಯಾಯಿತೆಂಬುದಕ್ಕೆ ಧಾವಿಸುತ್ತಾನೆ. ಆದರೆ ಆ ಸಾಲಿನೊಳಗೆ ಭಿನ್ನಜಾತಿಯ ಎರಡು ಪ್ರತಿಜ್ಞೆಗಳು ಅಕ್ಕಪಕ್ಕದಲ್ಲಿ ನಿಂತಿವೆ. ಭೂದೇವಿಗೆ ವಲ್ಲಭನೆಂಬುದು ಅರಸನನ್ನು ವಿಷ್ಣುವಿನ ಪಂಕ್ತಿಯಲ್ಲಿ ಕುಳ್ಳಿರಿಸುವ ಮಾತು. ಸತ್ಯಕ್ಕೆ ಆಶ್ರಯವಾದ ಕುಲದವನೆಂಬುದು ಅವನನ್ನು ಒಂದು ವ್ರತಕ್ಕೆ ಕಟ್ಟಿಹಾಕುವ ಮಾತು. ಮೊದಲನೆಯದು ಅಧಿಕಾರದ ಘೋಷಣೆ, ಎರಡನೆಯದು ಸಾಲಪತ್ರ. ನಮ್ಮ ಪುರಾಣಗಳು ಧರ್ಮಾತ್ಮನಾದ ದಿವ್ಯ ರಾಜನನ್ನು ಕುರಿತು ಹೇಳಿದುದೆಲ್ಲವೂ ಈ ಎರಡು ಮಾತುಗಳ ನಡುವಣ ವ್ಯವಹಾರವೆಂದೂ, ಆ ಸಾಲ ಪೂರ್ತಿಯಾಗಿ ಸಂದುದು ಸಿಂಹಾಸನದ ಮೇಲಲ್ಲ, ಹರಿಶ್ಚಂದ್ರನ ಸುಡುಗಾಡಿನಲ್ಲೆಂದೂ ನಾನು ತಿಳಿದಿದ್ದೇನೆ.

ರಾಜನಲ್ಲಿ ದೇವಾಂಶವುಂಟೆಂಬ ಭಾವನೆ ಬಹಳ ಹಳೆಯದು. ಇಂದ್ರ, ವಾಯು, ಯಮ, ಸೂರ್ಯ, ಅಗ್ನಿ, ವರುಣ, ಚಂದ್ರ, ಕುಬೇರರೆಂಬ ಎಂಟು ದೇವತೆಗಳ ಸಾರಾಂಶವನ್ನು ಎತ್ತಿಕೊಂಡು ಅವನನ್ನು ಸೃಷ್ಟಿಸಲಾಯಿತೆಂದು ಮನುಸ್ಮೃತಿಯ ಏಳನೆಯ ಅಧ್ಯಾಯ ಹೇಳುತ್ತದೆ. ಈ ಮಾತನ್ನು ಮಾತ್ರ ಹಿಡಿದು, ನಮ್ಮ ಪೂರ್ವಿಕರು ಅರಸನನ್ನು ಪ್ರಶ್ನಾತೀತನನ್ನಾಗಿ ಮಾಡಿದರೆಂದು ಹೇಳುವವರುಂಟು. ಅದೇ ಅಧ್ಯಾಯವನ್ನು ಇನ್ನಷ್ಟು ಓದಿದರೆ, ಧರ್ಮದಿಂದ ಜಾರಿದ ರಾಜನನ್ನು ಅವನ ಕೈಯ ದಂಡವೇ ಬಂಧುಬಾಂಧವರೊಡನೆ ನಾಶಮಾಡುವುದೆಂಬ ಎಚ್ಚರಿಕೆಯೂ, ಅವಿನಯದಿಂದ ಕೆಟ್ಟವರ ಪಟ್ಟಿಯಲ್ಲಿ ವೇನ ನಹುಷರ ಹೆಸರೂ, ವಿನಯದಿಂದ ರಾಜ್ಯವನ್ನು ಪಡೆದವರಲ್ಲಿ ಪೃಥುವಿನ ಹೆಸರೂ ಕಾಣಸಿಗುತ್ತವೆ.

ವೇನ ಪೃಥುಗಳ ಕಥೆಯನ್ನು ಒಂದಾಗಿ ಓದಬೇಕು. ಸಕಲ ದೇವತೆಗಳೂ ತನ್ನಲ್ಲಿಯೇ ಇರುವರು, ಯಜ್ಞವೂ ದಾನವೂ ಬೇರೊಬ್ಬರಿಗೆ ಸಲ್ಲಕೂಡದು ಎಂದು ಡಂಗುರ ಸಾರಿದವನು ವೇನ. ಋಷಿಗಳು ಬುದ್ಧಿ ಹೇಳಿದರು, ಬೇಡಿಕೊಂಡರು; ಕೇಳದಿರಲು ಮಂತ್ರಪೂತವಾದ ದರ್ಭೆಯಿಂದಲೇ ಅವನನ್ನು ಕೊಂದರು. ಅರಸನಿಲ್ಲದೆ ದೇಶವು ಕಳ್ಳಕಾಕರ ಪಾಲಾಗಲು, ಆ ಕಳೇಬರದ ಬಲದೋಳನ್ನು ಮಥಿಸಿದರು, ಪೃಥು ಹುಟ್ಟಿಬಂದನು. ಅವನು ಕೈಜೋಡಿಸಿ ಮೊದಲು ಕೇಳಿದ ಮಾತು ತಾನೇನು ಮಾಡಬೇಕೆಂಬುದು. ಮಹಾಭಾರತದ ಶಾಂತಿಪರ್ವದಲ್ಲಿ ಋಷಿಗಳು ಅವನಿಂದ ಪ್ರತಿಜ್ಞೆ ಮಾಡಿಸಿಕೊಂಡ ಬಳಿಕವೇ ವಿಷ್ಣುತೇಜಸ್ಸು ಅವನನ್ನು ಪ್ರವೇಶಿಸಿತೆಂಬ ಪ್ರಸ್ತಾಪ ಬರುತ್ತದೆ. ತನ್ನ ದೈವತ್ವವನ್ನು ತಾನೇ ಸಾರಿಕೊಂಡವನು ವೇನನಾದನು. ಆಣೆಗೆ ಒಳಪಟ್ಟವನಲ್ಲಿ ಲೋಕವು ದೈವತ್ವವನ್ನು ಕಂಡಿತು. ಹಸಿದ ಪ್ರಜೆಗಳಿಗಾಗಿ ಪೃಥುವು ಬಿಲ್ಲುಹಿಡಿದು ಭೂಮಿಯ ಬೆನ್ನಟ್ಟಿದುದು, ಅವಳು ಗೋರೂಪದಿಂದ ಓಡಿ ಕೊನೆಗೆ ಹಾಲುಗರೆದುದು, ಅವನು ಬೆಟ್ಟಗಳನ್ನು ಸರಿಸಿ ನೆಲವನ್ನು ಸಮಗೈದುದು, ಇವೆಲ್ಲ ಕೃಷಿಯ ನೆನಪನ್ನು ಹೊತ್ತಿರುವ ಸುಂದರ ಸಂದರ್ಭಗಳು. ನಹುಷನು ಇಂದ್ರಪದವಿಗೇರಿ, ಪಲ್ಲಕ್ಕಿ ಹೊತ್ತ ಅಗಸ್ತ್ಯರನ್ನು ಒದ್ದು ಹಾವಾಗಿ ಬಿದ್ದುದು ವೇನನ ಕಥೆಗೇ ಇನ್ನೊಂದು ನಿದರ್ಶನ. ರಾಮನ ವಿಚಾರವು ಪ್ರತ್ಯೇಕ ಗ್ರಂಥವನ್ನೇ ಬೇಡುವುದರಿಂದ ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಇನ್ನು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಬರೋಣ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನಾಗಿ ಬೆಳೆಸಿದ ಈ ನಗರವು ಅವನ ಮಗ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1076 ರಿಂದ 1126 ರವರೆಗಿನ ಅರ್ಧ ಶತಮಾನದಲ್ಲಿ, ಭಾರತದ ವಿದ್ವತ್ತಿನ ಒಂದು ಕೇಂದ್ರವಾಯಿತು. ಕಾಶ್ಮೀರದಿಂದ ಬಂದ ಬಿಲ್ಹಣನು ಹದಿನೆಂಟು ಸರ್ಗಗಳ ವಿಕ್ರಮಾಂಕದೇವಚರಿತವನ್ನು ಈ ಅರಸನಿಗಾಗಿಯೇ ಬರೆದನು. ಅಲ್ಲಿ ವಿಕ್ರಮಾದಿತ್ಯನ ಹುಟ್ಟೇ ಶಿವನ ವರ. ತಂದೆಯು ಯುವರಾಜ್ಯವನ್ನು ಕೊಡಬಂದಾಗ, ಹಿರಿಯನಿರುವಾಗ ತನಗದು ಸಲ್ಲದೆಂದು ನಿರಾಕರಿಸಿದ ಮಗನು ಅವನು. ಮುಂದೆ ಆ ಅಣ್ಣನಾದ ಎರಡನೆಯ ಸೋಮೇಶ್ವರನನ್ನೇ ಗೆದ್ದು ಪಟ್ಟವೇರಬೇಕಾಗಿ ಬಂದಾಗ ಶಿವನು ಕನಸಿನಲ್ಲಿ ಕಾಣಿಸಿಕೊಂಡು ಅಪ್ಪಣೆಕೊಡುತ್ತಾನೆ. ಇತಿಹಾಸಕಾರರಿಗೆ ಇದು ದಾಯಾದಿಗಳ ಯುದ್ಧ. ಆದರೆ ಕವಿಗೆ ಇಲ್ಲಿ ದೈವದ ಅಪ್ಪಣೆ ಅನಿವಾರ್ಯವಾಗಿ ಕಂಡಿತೆಂಬುದೇ ಗಮನಾರ್ಹ. ಏಕೆಂದರೆ ಭರತನ ಪಾದುಕೆಗಳ ಕಥೆಯನ್ನು ಬಲ್ಲ ಜನರ ಮುಂದೆ ಅಣ್ಣನ ಸಿಂಹಾಸನವನ್ನು ತಮ್ಮನು ಬರಿಯ ತೋಳ್ಬಲದಿಂದ ಪಡೆದನೆಂದು ಹೇಳಿದ್ದರೆ ಅದು ಸ್ತುತಿಯಾಗುತ್ತಿರಲಿಲ್ಲ. ರಾವಣನ ಕೀರ್ತಿ ಕುಗ್ಗಿದುದೂ ರಾಮನ ಕೀರ್ತಿ ಬೆಳಗಿದುದೂ ಆದಿಕವಿಯ ಪ್ರಭಾವದಿಂದಲೇ, ಆದಕಾರಣ ಅರಸರು ಕವಿಗಳನ್ನು ಕೆರಳಿಸಬಾರದು ಎಂದು ಅದೇ ಬಿಲ್ಹಣನು ತನ್ನ ಪ್ರಭುವಿನ ಎದುರಿನಲ್ಲಿಯೇ ನುಡಿದಿದ್ದಾನೆ.

ಈ ದೈವೀಕರಣದ ಅತ್ಯಂತ ಮನೋಹರವಾದ ಕುರುಹು ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿದೆ. ಅಲ್ಲಿನ ಚಾಲುಕ್ಯ ದೇವಾಲಯದ ಹೊರಭಿತ್ತಿಯಲ್ಲಿ ತ್ರಿಭಂಗಿಯಾಗಿ ನಿಂತ ಒಬ್ಬ ಶಿಲಾಬಾಲಿಕೆ ಏನನ್ನೋ ಬರೆಯುತ್ತಿದ್ದಾಳೆ. ನೋಡುವವರ ಕಡೆಗೆ ಅವಳ ಲಕ್ಷ್ಯವಿಲ್ಲ. ಮೈಯ ಬಾಗೆಲ್ಲವೂ ಆ ಬರೆಯುವ ಕೈಯ ಕಡೆಗೇ ಹರಿದಿದೆ. ಅವಳು ಬರೆದಿರುವುದು ಒಂದು ಸಂಸ್ಕೃತ ಶ್ಲೋಕ: ಏಳು ದ್ವೀಪಗಳ ಭೂತಲವನ್ನು ಚಾಲುಕ್ಯ ವಿಕ್ರಮಾದಿತ್ಯನು ತನ್ನದಾಗಿಸಿಕೊಳ್ಳುವನೆಂದು ಅದರ ತಾತ್ಪರ್ಯ, ಅವನನ್ನು ಏಳನೆಯ ವಿಷ್ಣುವರ್ಧನನೆಂದೂ ಕರೆದಿದೆ. ರಾಜಪ್ರಶಸ್ತಿಯನ್ನು ಶಿಲೆಯ ಹೆಣ್ಣೊಬ್ಬಳ ಕೈಬರೆಹವನ್ನಾಗಿ ಮಾಡಿದ ಆ ಶಿಲ್ಪಿಯ ಕಲ್ಪನೆಗೆ ನಾನು ಮಾರುಹೋಗಿದ್ದೇನೆ. ಹಾಗಿದ್ದರೂ, ಅರಸನ ಭಾಗ್ಯವನ್ನು ಹೇಳುವ ಆ ಅಕ್ಷರಗಳಲ್ಲಿ ಅವನ ಹೊಣೆಯ ಮಾತಿಲ್ಲವೆಂಬುದನ್ನು ಹೇಳಲೇಬೇಕು.

ಹೊಣೆಯ ಮಾತು ಬಂದುದು ಅದೇ ರಾಜಧಾನಿಯ ಇನ್ನೊಬ್ಬನ ಲೇಖನಿಯಿಂದ. ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದುದು ಕಲ್ಯಾಣದಲ್ಲಿ. ಗ್ರಂಥಾಂತ್ಯದಲ್ಲಿ ಆ ನಗರವನ್ನೂ ವಿಕ್ರಮಾದಿತ್ಯನನ್ನೂ ತುಂಬುಹೃದಯದಿಂದ ಹೊಗಳಿದ್ದಾನೆ. ವಂಗದೇಶವನ್ನುಳಿದು ಭಾರತದ ಬಹುಭಾಗದಲ್ಲಿ 1956 ರ ಉತ್ತರಾಧಿಕಾರ ಕಾನೂನು ಬರುವವರೆಗೂ ಹಿಂದೂಗಳ ದಾಯವಿಭಾಗವನ್ನು ನಿರ್ಣಯಿಸಿದುದು ಈ ವ್ಯಾಖ್ಯಾನವೇ. ಆಸ್ತಿಪಾಸ್ತಿಯ ಗ್ರಂಥವೆಂದು ನ್ಯಾಯವಾದಿಗಳು ಬಲ್ಲ ಈ ಕೃತಿಗೆ ಆಧಾರವಾದ ಸ್ಮೃತಿಯಲ್ಲಿ ರಾಜನ ವಿಷಯವಾಗಿ ಎರಡು ಕಟ್ಟುನಿಟ್ಟಾದ ವಿಧಿಗಳಿವೆ. ಸ್ವಧರ್ಮದಿಂದ ಕದಲಿದವನು ತಮ್ಮನಾಗಲಿ ಮಗನಾಗಲಿ ಮಾವನಾಗಲಿ ರಾಜನಿಗೆ ಅದಂಡ್ಯನಲ್ಲವೆಂಬುದು ಒಂದು. ಅರಸನೇ ಅನ್ಯಾಯವಾಗಿ ದಂಡವನ್ನು ವಸೂಲುಮಾಡಿದ್ದರೆ ಅದರ ಮೂವತ್ತರಷ್ಟನ್ನು ವರುಣನಿಗೆ ನಿವೇದಿಸಿ ದಾನಮಾಡಬೇಕೆಂಬುದು ಇನ್ನೊಂದು. ದಂಡಧಾರಿಗೇ ದಂಡ! ಅರಸನ ಮೇಲೆ ಅರಸನಿಲ್ಲವಾದುದರಿಂದ, ಪಾಶವನ್ನು ಹಿಡಿದ ವರುಣನನ್ನು ಅವನ ಮೇಲೆ ಕುಳ್ಳಿರಿಸಿದರು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129 ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವೂ ಈ ದೃಷ್ಟಿಯಿಂದ ನೋಡತಕ್ಕುದು. ಆನೆ, ಅಡುಗೆ, ಸಂಗೀತ, ಚಿತ್ರ, ಮಲ್ಲಯುದ್ಧಗಳನ್ನು ಕುರಿತ ವಿವರಗಳಿಗಾಗಿ ಪ್ರಸಿದ್ಧವಾಗಿರುವ ಆ ನೂರು ಅಧ್ಯಾಯಗಳ ವಿಶ್ವಕೋಶದಲ್ಲಿ ಮೊದಲ ವಿಂಶತಿಯು, ಅಂದರೆ ಮೊದಲ ಇಪ್ಪತ್ತು ಅಧ್ಯಾಯಗಳ ಭಾಗವು, ರಾಜ್ಯಪ್ರಾಪ್ತಿಯ ಸಾಧನಗಳನ್ನು ಹೇಳುತ್ತದೆ. ಆ ಸಾಧನಗಳಲ್ಲಿ ಅಸತ್ಯವನ್ನು ತೊರೆಯುವುದು, ಪರದ್ರೋಹವನ್ನು ಬಿಡುವುದು ಮುಂತಾದುವು ಬರುತ್ತವೆ. ಅರಸನೇ ಬರೆದ ಗ್ರಂಥದಲ್ಲಿ ಇವಕ್ಕೆ ಇಂತಹ ಸ್ಥಾನ ದೊರೆತುದು ಅಲ್ಪವಲ್ಲ.

ವರುಣನ ಹೆಸರು ಬಂದಿತಷ್ಟೆ. ಹರಿಶ್ಚಂದ್ರನ ಕಥೆ ತೊಡಗುವುದೂ ವರುಣನ ಸಾಲದಿಂದಲೇ. ನಮ್ಮ ಜನಕ್ಕೆ ಅವನು ಸತ್ಯದ ಪರ್ಯಾಯನಾಮ. ಅನುಮಾನದ ಮಾತಾಡಿದವನನ್ನು ‘ಇವನೇನು ಸತ್ಯಹರಿಶ್ಚಂದ್ರನೇ’ ಎಂದು ಕೇಳುವುದು ಹಳ್ಳಿಯ ಕಟ್ಟೆಯಲ್ಲೂ ಪಟ್ಟಣದ ಕಚೇರಿಯಲ್ಲೂ ರೂಢಿ. ಆದರೆ ಐತರೇಯ ಬ್ರಾಹ್ಮಣದ ಹರಿಶ್ಚಂದ್ರನು ಇಂಥವನಲ್ಲ. ನೂರು ಮಂದಿ ಹೆಂಡಿರಿದ್ದೂ ಮಕ್ಕಳಿಲ್ಲದ ಅವನು, ಹುಟ್ಟುವ ಮಗನನ್ನೇ ಬಲಿಗೊಡುವೆನೆಂದು ವರುಣನಿಗೆ ಹರಕೆಹೊತ್ತು, ರೋಹಿತನು ಹುಟ್ಟಿದ ಮೇಲೆ ಹತ್ತು ದಿನ ಕಳೆಯಲಿ, ಹಲ್ಲು ಬರಲಿ, ಹಾಲುಹಲ್ಲು ಬೀಳಲಿ, ಮತ್ತೆ ಹಲ್ಲು ಮೂಡಲಿ, ಆಯುಧ ಹಿಡಿಯುವಂತಾಗಲಿ ಎಂದು ಗಡುವನ್ನು ಮುಂದೂಡುತ್ತಲೇ ಹೋಗುತ್ತಾನೆ. ಮಗನು ಕಾಡಿಗೆ ಓಡಿಹೋಗುತ್ತಾನೆ. ತಂದೆಗೆ ಜಲೋದರ ಹಿಡಿಯುತ್ತದೆ. ಅಜೀಗರ್ತನ ಮಗ ಶುನಃಶೇಪನನ್ನು ನೂರು ಹಸುಗಳಿಗೆ ಕೊಂಡುತಂದು ಯೂಪಕ್ಕೆ ಕಟ್ಟುತ್ತಾರೆ. ಆ ಹುಡುಗನ ಸ್ತೋತ್ರಕ್ಕೆ ಪಾಶಗಳು ಕಳಚಿದುವು, ಅರಸನ ಹೊಟ್ಟೆಯೂ ಇಳಿಯಿತು. ಕೊಟ್ಟ ಮಾತನ್ನು ನಡೆಸಲಾರದೆ ತೊಳಲಿದ ಈ ತಂದೆಯೇ ಮುಂದೆ ಸತ್ಯದ ಮೂರ್ತಿಯಾದುದು ವಿಚಿತ್ರವೆಂದು ತೋರಬಹುದು. ನನಗೆ ಇದರಲ್ಲೊಂದು ಔಚಿತ್ಯವೇ ಕಾಣುತ್ತದೆ. ಮಾತಿನ ಸಾಲ ಎಷ್ಟು ಭಾರವೆಂಬುದನ್ನು ಮೊದಲು ತಿಳಿದವನು ಅವನೇ. ಮಹಾಭಾರತದ ಸಭಾಪರ್ವದಲ್ಲಿ ರಾಜಸೂಯದ ಬಲದಿಂದ ಇಂದ್ರಸಭೆಯಲ್ಲಿ ಕುಳಿತ ರಾಜರ್ಷಿಯಾಗಿ ಅವನು ಕಾಣಿಸಿಕೊಳ್ಳುತ್ತಾನೆ; ಮಾರ್ಕಂಡೇಯ ಪುರಾಣದಲ್ಲಿ ವಿಶ್ವಾಮಿತ್ರನ ದಕ್ಷಿಣೆಗಾಗಿ ಹೆಂಡತಿ ಮಕ್ಕಳನ್ನೂ ತನ್ನನ್ನೂ ಮಾರಿಕೊಂಡು ಕಾಶಿಯ ಸ್ಮಶಾನಕ್ಕೆ ಬರುತ್ತಾನೆ.

ಆ ಸ್ಮಶಾನದ ಹರಿಶ್ಚಂದ್ರನನ್ನು ಕನ್ನಡಿಗರ ಮನೆಯವನನ್ನಾಗಿ ಮಾಡಿದವನು ಹಂಪೆಯ ರಾಘವಾಂಕ. ಹರಿಹರನ ಸೋದರಳಿಯನೂ ಶಿಷ್ಯನೂ ಆದ ಅವನು ಕಲ್ಯಾಣದ ಶರಣರ ಕ್ರಾಂತಿ ಮುಗಿದ ತರುವಾಯದ ಪೀಳಿಗೆಯವನು. ಬಸವಣ್ಣನವರ ಬಾಳನ್ನು ರಗಳೆಯಾಗಿ ಹಾಡಿದವನು ಅವನ ಮಾವ. ಶಿವಭಕ್ತರನ್ನು ಬಿಟ್ಟು ಮನುಷ್ಯಮಾತ್ರನಾದ ಒಬ್ಬ ಅರಸನನ್ನು ಹಾಡಿದನೆಂದು ಹರಿಹರನು ಕೆರಳಿ ಪಾದರಕ್ಷೆಯಿಂದ ಹೊಡೆಯಲು ರಾಘವಾಂಕನ ಹಲ್ಲುಗಳು ಉದುರಿದುವೆಂದೂ, ಶಿವಶರಣರ ಚರಿತೆಗಳನ್ನು ಬರೆದ ಮೇಲೆ ಅವು ಮತ್ತೆ ಬಂದುವೆಂದೂ ಒಂದು ಐತಿಹ್ಯವಿದೆ. ನಡೆದುದೋ ಇಲ್ಲವೋ, ಆ ಐತಿಹ್ಯದ ಹಿಂದಿರುವ ಪ್ರಶ್ನೆ ನಿಜವಾದುದು: ಅರಸನು ಕಾವ್ಯಕ್ಕೆ ಯೋಗ್ಯನೆ? ಕಲ್ಯಾಣವನ್ನಾಳಿದ ಬಿಜ್ಜಳನ ಆಸ್ಥಾನವನ್ನು ಕಂಡಿದ್ದ ಶರಣ ಪರಂಪರೆಗೆ ಈ ಸಂಶಯ ಸಹಜ. ಸತ್ಯವೂ ಹರನೂ ಬೇರೆಯಲ್ಲವೆಂಬ ನಂಬಿಕೆಯ ಮೇಲೆಯೇ ರಾಘವಾಂಕನು ತನ್ನ ಹರಿಶ್ಚಂದ್ರಕಾವ್ಯವನ್ನು ನಿಲ್ಲಿಸಿ, ಆ ಸಂಶಯಕ್ಕೆ ಉತ್ತರಕೊಟ್ಟನು. ಅರಸನ ದಿವ್ಯತೆ ಆ ಎಂಟು ದೇವತೆಗಳ ಅಂಶದಿಂದ ಬರುವುದಲ್ಲ. ಅವನು ಹಿಡಿದ ಸತ್ಯದಿಂದ ಬರುವುದು. ಆ ಸತ್ಯ ಕಿರೀಟವಿಲ್ಲದೆಯೂ ಉಳಿಯಬಲ್ಲುದಾದರೆ ಮಾತ್ರ.

ಈ ಕಾವ್ಯದ ಒಂದು ಸಂದರ್ಭವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವಸಿಷ್ಠನೊಡನೆ ಇಂದ್ರಸಭೆಯಲ್ಲಿ ಪಣಕಟ್ಟಿದ ವಿಶ್ವಾಮಿತ್ರನು ಹರಿಶ್ಚಂದ್ರನನ್ನು ಕೆಡಿಸಲು ಇಬ್ಬರು ಹೊಲತಿಯರನ್ನು ಸೃಷ್ಟಿಸಿ ಕಳುಹುತ್ತಾನೆ. ಬೇಟೆಯಿಂದ ಬಳಲಿದ ಅರಸನ ಮುಂದೆ ಅವರು ಹಾಡುತ್ತಾರೆ. ಅವನು ಮೆಚ್ಚಿ ಆಭರಣಗಳನ್ನು ಕೊಡುತ್ತಾನೆ. ಬಿಸಿಲಿನಲ್ಲಿ ನಿಂತವರಿಗೆ ಒಡವೆಯಿಂದೇನು, ನಿನ್ನ ಮುತ್ತಿನ ಸತ್ತಿಗೆಯನ್ನು ಕೊಡು ಎಂದು ಅವರು ಕೇಳುತ್ತಾರೆ. ಅದು ವಂಶಪರಂಪರೆಯಿಂದ ಬಂದುದು, ಅದಿಲ್ಲದೆ ಪಟ್ಟವಿಲ್ಲ, ಕೊಡಬಾರದು ಎನ್ನುತ್ತಾನೆ ದಾನಶೂರನಾದ ಹರಿಶ್ಚಂದ್ರ. ಹಾಗಾದರೆ ನಮ್ಮನ್ನು ಮದುವೆಯಾಗು ಎಂಬ ಬೇಡಿಕೆ ಬರುತ್ತದೆ. ಕುಲದ ಮಾತೆತ್ತಿ ಅವನು ಜರೆದಾಗ ಆ ಹೆಣ್ಣುಗಳು ಕೊಡುವ ಉತ್ತರ ಕನ್ನಡ ಕಾವ್ಯದ ಅತ್ಯಂತ ತೀಕ್ಷ್ಣವಾದ ವಾದಗಳಲ್ಲೊಂದು: ನಮ್ಮ ಹಾಡನ್ನು ಕೇಳಿದ ಕಿವಿಗೂ, ರೂಪವನ್ನು ನೋಡಿದ ಕಣ್ಣಿಗೂ, ನಮ್ಮೊಡನೆ ನುಡಿದ ಬಾಯಿಗೂ ತಟ್ಟದ ಹೊಲೆ ಮುಟ್ಟಿದ ಮಾತ್ರಕ್ಕೆ ತಟ್ಟುವುದೇ ಎಂಬುದು ಅದರ ಸಾರ. ಅರಸನಲ್ಲಿ ಇದಕ್ಕೆ ಯುಕ್ತಿಯಿಲ್ಲ, ಬಲವುಂಟು. ಅವರನ್ನು ಹೊಡೆದಟ್ಟುತ್ತಾರೆ. ಋಷಿಯು ಬಂದು, ಇವರನ್ನು ಮದುವೆಯಾಗು ಎಂದು ಕಾಡಿದಾಗ ಹರಿಶ್ಚಂದ್ರನು ಅದಕ್ಕೊಪ್ಪದೆ ಇಡಿಯ ರಾಜ್ಯವನ್ನೇ ಕೊಟ್ಟುಬಿಡುತ್ತಾನೆ.

ಹಿಂದಿನ ವಿಮರ್ಶಕರಲ್ಲಿ ಅನೇಕರು ಇದನ್ನು ಕುಲಧರ್ಮನಿಷ್ಠೆಯೆಂದು ಹೊಗಳಿ ಮುಂದೆ ಸಾಗಿದರು. ನಾನು ಹಾಗೆ ಸಾಗಲಾರೆ. ಕುಲದ ಕಟ್ಟನ್ನು ಮೀರಿದ ಮದುವೆಗಾಗಿ ಶರಣರಾದ ಹರಳಯ್ಯ ಮಧುವರಸರು ಪ್ರಾಣವನ್ನೇ ತೆತ್ತುದು ಈ ಕಲ್ಯಾಣದ ಬೀದಿಗಳಲ್ಲಿಯೇ ಎಂದು ಶರಣ ಪರಂಪರೆ ನೆನೆಯುತ್ತದೆ. ಆ ನೆನಪು ಹಸಿಯಾಗಿದ್ದ ಕಾಲದಲ್ಲಿ ಬರೆದ ಶಿವಕವಿಯು ಆ ಹೆಣ್ಣುಗಳ ಬಾಯಲ್ಲಿ ಅಷ್ಟು ಸಮರ್ಥವಾದ ಮಾತನ್ನಿಟ್ಟುದು ಆಕಸ್ಮಿಕವೆಂದು ನಂಬುವುದು ಕಷ್ಟ. ಕವಿಯು ತನ್ನ ನಾಯಕನನ್ನು ಬಾಯಿಬಿಟ್ಟು ಖಂಡಿಸುವುದಿಲ್ಲ. ಆದರೆ ಕಥೆಯ ನಡಿಗೆಯೇ ತೀರ್ಪಿನಂತಿದೆ. ಹೊಲತಿಯರ ಕೈಹಿಡಿಯಲಾರೆನೆಂದು ರಾಜ್ಯಬಿಟ್ಟವನು, ಋಷಿಯ ಸಾಲಕ್ಕಾಗಿ ಬೆನ್ನುಹತ್ತಿದ ನಕ್ಷತ್ರಿಕನ ಕಾಟವನ್ನು ಸಹಿಸುತ್ತ ಕಾಶಿಗೆ ಬಂದು, ಹೆಂಡತಿ ಚಂದ್ರಮತಿಯನ್ನೂ ಮಗ ಲೋಹಿತಾಶ್ವನನ್ನೂ ಮಾರಿ, ಕೊನೆಗೆ ತನ್ನನ್ನು ಮಾರಿಕೊಳ್ಳುವುದು ವೀರಬಾಹುವೆಂಬ ಹೊಲೆಯನಿಗೆ. ಆ ಒಡೆಯನ ಅಪ್ಪಣೆಯನ್ನು ಅವನು ದೇವರ ಅಪ್ಪಣೆಯಂತೆ ಪಾಲಿಸುತ್ತಾನೆ. ಸತ್ತಿಗೆಯ ನೆರಳಿನಲ್ಲಿ ಕಲಿಯದೆ ಉಳಿದುದನ್ನು ಸುಡುಗಾಡಿನ ಕಾವಲಿನಲ್ಲಿ ಕಲಿಯುತ್ತಾನೆ ಎಂದು ನಾನು ಓದಿಕೊಂಡಿದ್ದೇನೆ.

ಸತ್ತಿಗೆಯ ಪ್ರಸ್ತಾಪದಲ್ಲಿ ಬಲಿಯನ್ನು ಮರೆಯುವಂತಿಲ್ಲ. ಅವನ ಯಜ್ಞಶಾಲೆಗೆ ಬಂದ ಬೇಡುವವನು ತಾನೇ ಕೊಡೆಯೊಂದನ್ನು ಹಿಡಿದು ಬಂದಿದ್ದನು. ಬಾದಾಮಿಯ ಗುಹೆಯ ತ್ರಿವಿಕ್ರಮ ಫಲಕದಲ್ಲಿಯೂ ಆ ಗಿಡ್ಡ ವಟುವಿನ ಕೊಡೆಯನ್ನು ಕಾಣಬಹುದು. ಗುರು ಶುಕ್ರನು ತಡೆದರೂ ಬಲಿಯು ಕೊಟ್ಟನು, ಮೂರನೆಯ ಹೆಜ್ಜೆಗೆ ತಲೆಯನ್ನೇ ಒಡ್ಡಿದನು. ಅಸುರಕುಲದಲ್ಲಿ ಹುಟ್ಟಿಯೂ ಅವನನ್ನು ಜನ ಬಿಟ್ಟುಕೊಡಲಿಲ್ಲ. ದೀಪಾವಳಿಯ ಪಾಡ್ಯದಂದು ತುಳುನಾಡಿನಲ್ಲಿ ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಬೀದರದ ಗಡಿಯಾಚೆಯ ಮರಾಠಿ ಒಕ್ಕಲಿಗರು ಪೀಡೆ ತೊಲಗಿ ಬಲಿಯ ರಾಜ್ಯ ಬರಲೆಂದು ಹಾರೈಸುತ್ತಾರೆ.

ಹರಿಶ್ಚಂದ್ರನಿಗೆ ಹಬ್ಬವಿಲ್ಲ, ಅವನಿಗೆ ರಂಗಸ್ಥಳವುಂಟು. ದೊಡ್ಡಾಟ, ಯಕ್ಷಗಾನ, ಕಂಪನಿ ನಾಟಕ, ಹರಿಕಥೆಗಳಲ್ಲಿ ಅವನು ತಲೆಮಾರುಗಳವರೆಗೆ ನೋಡುಗರ ಕಣ್ಣಲ್ಲಿ ನೀರು ತರಿಸಿದ್ದಾನೆ. ಫಾಲ್ಕೆಯವರು 1913 ರಲ್ಲಿ ತೆಗೆದ ಚಲನಚಿತ್ರಕ್ಕೆ ಅವನೇ ನಾಯಕ. ಕನ್ನಡದಲ್ಲಿ 1943 ರಲ್ಲೊಮ್ಮೆ, ರಾಜಕುಮಾರರ ಅಭಿನಯದಲ್ಲಿ 1965 ರಲ್ಲಿ ಮತ್ತೊಮ್ಮೆ ಅವನು ತೆರೆಗೆ ಬಂದನು. ಬಾಲ್ಯದಲ್ಲಿ ಆ ನಾಟಕವನ್ನು ನೋಡಿದ ಗಾಂಧೀಜಿಯವರು, ಎಲ್ಲರೂ ಏಕೆ ಹರಿಶ್ಚಂದ್ರನಂತೆ ಸತ್ಯವಂತರಾಗಬಾರದು ಎಂದು ಹಗಲಿರುಳು ತಮ್ಮನ್ನೇ ಕೇಳಿಕೊಂಡುದನ್ನು ಆತ್ಮಕಥೆಯಲ್ಲಿ ನಮೂದಿಸಿದ್ದಾರೆ. ರಂಗದ ಮೇಲೆ ಪ್ರೇಕ್ಷಕರ ಉಸಿರನ್ನು ಕಟ್ಟಿಸುವುದು ಸ್ಮಶಾನದ ದೃಶ್ಯ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ತಾಯಿ ಬರುತ್ತಾಳೆ, ಕಾವಲುಗಾರನು ಸುಡುವ ತೆರಿಗೆಯನ್ನು ಕೇಳುತ್ತಾನೆ, ಅವಳಲ್ಲಿ ಕಾಸಿಲ್ಲ. ಗಂಡಹೆಂಡಿರು ಪರಸ್ಪರ ಗುರುತಿಸಿದ ಮೇಲೆಯೂ ತೆರಿಗೆಯ ಮಾತು ಸಡಿಲವಾಗುವುದಿಲ್ಲ, ಏಕೆಂದರೆ ಆ ಹಣ ಅವನದಲ್ಲ, ಒಡೆಯನದು. ಇದನ್ನು ಕಲ್ಲೆದೆಯೆಂದು ಹಳಿಯುವವರು ಒಂದು ಸೂಕ್ಷ್ಮವನ್ನು ಬಿಡುತ್ತಾರೆ. ಅಧಿಕಾರದಲ್ಲಿರುವವನು ತನ್ನವರಿಗಾಗಿ ಒಡೆಯನ ಬೊಕ್ಕಸದಿಂದ ಒಂದು ಕಾಸನ್ನೂ ಬಿಟ್ಟುಕೊಡಬಾರದೆಂಬ ರಾಜಧರ್ಮವೇ ಇಲ್ಲಿ ಆಳಿನ ವೇಷದಲ್ಲಿ ನಿಂತಿದೆ. ಬಂಧುವೂ ಅದಂಡ್ಯನಲ್ಲವೆಂಬ ಸ್ಮೃತಿವಾಕ್ಯಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆ ಯಾವ ಸಿಂಹಾಸನದ ಮುಂದೆಯೂ ನಡೆದಿಲ್ಲ. ಕಾಶಿಯ ರಾಜಕುಮಾರನನ್ನು ಕೊಂದಳೆಂಬ ಸುಳ್ಳು ಆರೋಪ ಹೊತ್ತ ಚಂದ್ರಮತಿಯ ಮೇಲೆ ಅವನು ಕತ್ತಿಯನ್ನೆತ್ತಿದಾಗ ವಿಶ್ವನಾಥನು ಪ್ರತ್ಯಕ್ಷನಾಗುತ್ತಾನೆ. ಆಜ್ಞಾಪಾಲನೆಯು ನಿರಪರಾಧಿಯ ವಧೆಯವರೆಗೆ ಹೋಗಬಹುದೆ ಎಂಬ ಪ್ರಶ್ನೆ ಇಲ್ಲಿ ಉಳಿಯುತ್ತದೆ. ನನ್ನ ಮನಸ್ಸು ಅದಕ್ಕೆ ಹೌದೆನ್ನಲಾರದು. ಕವಿಯೂ ಆ ಕತ್ತಿಯನ್ನು ಕೆಳಗಿಳಿಯಗೊಡಲಿಲ್ಲ.

ಕಾವ್ಯದಲ್ಲಿ ಸತ್ತವನು ಎದ್ದನು, ಪಟ್ಟ ಮರಳಿತು, ಅರಸನು ಅಯೋಧ್ಯೆಗೆ ಬಂದನು. ಮಾರ್ಕಂಡೇಯ ಪುರಾಣದ ಮುಕ್ತಾಯ ಬೇರೆ. ಅದನ್ನು ರಾಘವಾಂಕನು ಎತ್ತಿಕೊಳ್ಳದೆ ಹೋದುದಕ್ಕೆ ನನಗೆ ವ್ಯಸನವಿದೆ. ಅಲ್ಲಿ ಇಂದ್ರನು ವಿಮಾನವನ್ನು ತಂದು ಸ್ವರ್ಗಕ್ಕೆ ಕರೆದಾಗ ಹರಿಶ್ಚಂದ್ರನು ಹತ್ತುವುದಿಲ್ಲ. ತನ್ನ ಅಗಲಿಕೆಯಿಂದ ಶೋಕದಲ್ಲಿ ಮುಳುಗಿರುವ ಕೋಸಲದ ಜನರನ್ನು ಬಿಟ್ಟು ಬರಲಾರೆನೆನ್ನುತ್ತಾನೆ. ಅವರವರ ಪಾಪಪುಣ್ಯಗಳು ಬೇರೆಬೇರೆ, ಎಲ್ಲರೂ ಒಟ್ಟಿಗೆ ಸ್ವರ್ಗಕ್ಕೆ ಬರುವುದೆಂತು ಎಂದು ಇಂದ್ರನು ಲೆಕ್ಕವನ್ನೊಡ್ಡುತ್ತಾನೆ. ಅದಕ್ಕೆ ಅರಸನು, ರಾಜನು ರಾಜ್ಯವನ್ನು ಭೋಗಿಸುವುದೂ ಯಜ್ಞಗಳನ್ನು ಮಾಡುವುದೂ ಕೆರೆಬಾವಿಗಳನ್ನು ಕಟ್ಟಿಸುವುದೂ ಸಂಸಾರಿಗಳಾದ ಪ್ರಜೆಗಳ ಬಲದಿಂದಲೇ. ಆದುದರಿಂದ ನನ್ನ ಪುಣ್ಯವೇನಿದೆಯೋ ಅದು ಅವರಿಗೂ ಸೇರಿದುದು. ನಾನೊಬ್ಬನೇ ಬಹುಕಾಲ ಉಣ್ಣಬೇಕಾದ ಫಲವನ್ನು ಅವರೊಡನೆ ಹಂಚಿಕೊಂಡು ಒಂದೇ ದಿನ ಉಣ್ಣುವಂತಾದರೂ ಸಾಕು ಎನ್ನುತ್ತಾನೆ. ಇಂದ್ರನು ಸೋತು ಒಪ್ಪುತ್ತಾನೆ. ವಿಮಾನಗಳು ಒಂದರ ಹಿಂದೊಂದರಂತೆ ಅಯೋಧ್ಯೆಗೆ ಇಳಿಯುತ್ತವೆ. ಮಗನಿಗೆ ಪಟ್ಟವಾಗಲು, ಊರಿನ ಹೆಂಗಸರು ಮಕ್ಕಳು ಆಳುಕಾಳುಗಳೊಡನೆ ಅರಸನು ವಿಮಾನವೇರುತ್ತಾನೆ.